ಸಕಲೇಶಪುರದ ಏಲಕ್ಕಿಯನ್ನು ದುಬೈ, ಸೌದಿಗೆ ಮಾರಬೇಕು ಅಂತಿದ್ದೇನೆ. ಅರಬ್ಬರ ವ್ಯಾಪಾರದ ರೀತಿ ಹೇಗೆ? ಅರೇಬಿಕ್ ಕಲಿಯಲೇಬೇಕಾ?

ನಾನು ದುಬೈನ ದೇರಾದಲ್ಲಿ ಒಂಬತ್ತು ವರ್ಷ ಒಂದು ದಿನಸಿ ಹೋಲ್‌ಸೇಲ್ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದೆ. ಆಮೇಲೆ ಊರಿಗೆ ಬಂದು ಸ್ವಂತಕ್ಕೆ ಏಲಕ್ಕಿ, ಮೆಣಸು ಕಳಿಸೋಕೆ ಶುರು ಮಾಡಿದೆ. ದೊಡ್ಡ ಕುಳ ಏನಲ್ಲ. ಆದರೆ ನೀವು ಹೊರಟಿರುವ ದಾರಿಯಲ್ಲೇ ಬಿದ್ದು ಎದ್ದವನು. ಹಾಗಾಗಿ ಸ್ವಲ್ಪ ಉದ್ದವಾದರೂ ಬರೆಯುತ್ತೇನೆ.

ನೀವು ದುಬೈ, ಸೌದಿ ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ್ದೀರಿ. ಅಲ್ಲೇ ತಪ್ಪು ಶುರುವಾಗೋದು. ದುಬೈನಲ್ಲಿ ನಿಮ್ಮ ಏಲಕ್ಕಿ ಕೊಳ್ಳುವವನು ಅರಬ್ಬನೇ ಆಗಿರಬೇಕು ಅಂತಿಲ್ಲ. ದೇರಾದ ಅಲ್ ರಾಸ್ ಹೋಲ್‌ಸೇಲ್ ಬಜಾರಿನ ಕಡೆ ಒಂದು ಬೆಳಿಗ್ಗೆ ಸುತ್ತಿ ನೋಡಿ. ಒಂದು ಅಂಗಡಿಯ ಗಲ್ಲಾದಲ್ಲಿ ಇರಾನಿ ಕೂತಿರುತ್ತಾನೆ, ಪಕ್ಕದ್ದರಲ್ಲಿ ಗುಜರಾತಿ, ಅದರಾಚೆ ಸಿಂಧಿ, ಎಲ್ಲ ಕಡೆ ಲೆಕ್ಕ ಬರೆಯೋನು ಮಲಯಾಳಿ. ಬಟ್ಟೆ ಬಜಾರಿನ ಕಡೆ ಹೋದರೆ ನಮ್ಮ ಭಟ್ಕಳದವರೇ ಸಿಗುತ್ತಾರೆ, ಕನ್ನಡದಲ್ಲೇ ಚಹಾ ಕುಡಿಸಿ ಕಳಿಸುತ್ತಾರೆ. ವಯಸ್ಸಾದ ಎಮಿರಾತಿಗಳಿಗೂ, ಅಂದರೆ ಅಲ್ಲಿನ ಮೂಲ ಅರಬ್ಬರಿಗೂ, ಹಿಂದಿ ಚೆನ್ನಾಗಿ ಅರ್ಥವಾಗುತ್ತದೆ. ಯಾಕೆ ಬಾರದು ಹೇಳಿ, 1966ರವರೆಗೆ ಅಲ್ಲಿ ಓಡುತ್ತಿದ್ದದ್ದು ರೂಪಾಯಿ. ಕೊಲ್ಲಿ ದೇಶಗಳಿಗೆ ಅಂತಲೇ ನಮ್ಮ ರಿಸರ್ವ್ ಬ್ಯಾಂಕ್ 1959ರಲ್ಲಿ ಬೇರೆ ನೋಟು ಅಚ್ಚು ಹಾಕಿಸಿತ್ತು. ನಮ್ಮ ಕರಾವಳಿಗಂತೂ ಈ ನಂಟು ಇನ್ನೂ ಹಳೆಯದು. ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಹಡಗಿನಲ್ಲಿ ಹೋಗುತ್ತಿತ್ತು, ಟಿಪ್ಪು ಅಲ್ಲೊಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ.

ದುಬೈನಲ್ಲಿ ಕೊಂಡ ಮಾಲು ತುಂಬಾ ಸಲ ಅಲ್ಲೇ ಉಳಿಯೋದೂ ಇಲ್ಲ. ಬೇರೆ ದೇಶಗಳಿಗೆ ಹೋಗಿಬಿಡುತ್ತದೆ. ಹಾಗಾಗಿ ಅಲ್ಲಿ ಮಾತು ರೇಟಿನದ್ದು, ಕಿಲೋಗೆ ಕಾಲು ದಿರ್ಹಮ್ ಕಮ್ಮಿ ಸಿಕ್ಕಿದರೆ ನಾಳೆ ನಿಮ್ಮನ್ನು ಬಿಟ್ಟು ಇನ್ನೊಬ್ಬನ ಹತ್ತಿರ ಹೋಗುತ್ತಾರೆ, ಬೇಜಾರು ಮಾಡ್ಕೋಬಾರದು. ಸೌದಿ ಹಾಗಲ್ಲ. ಏಲಕ್ಕಿಯನ್ನು ಕುಡಿಯುವ ದೇಶ ಅದು. ಅವರ ಗಹ್ವಾ ಅಂದರೆ ನಮ್ಮ ಫಿಲ್ಟರ್ ಕಾಫಿ ಅಂದುಕೊಳ್ಳಬೇಡಿ. ಕಾಫಿ ಬೀಜವನ್ನು ಸ್ವಲ್ಪವೇ ಹುರಿದು, ಹಾಲು, ಸಕ್ಕರೆ ಏನೂ ಇಲ್ಲದೆ, ಏಲಕ್ಕಿ ಧಾರಾಳವಾಗಿ ಹಾಕಿ ಕುದಿಸುತ್ತಾರೆ. ಬಣ್ಣ ಹೆಚ್ಚುಕಮ್ಮಿ ಹಳದಿ. ಜೊತೆಗೆ ಖರ್ಜೂರ. ಏಲಕ್ಕಿ ಚೆನ್ನಾಗಿಲ್ಲ ಅಂದರೆ ಮನೆಗೆ ಬಂದ ನೆಂಟರ ಮುಂದೆ ಮರ್ಯಾದೆ ಹೋದ ಹಾಗೆ.

ಇದು ನನಗೆ ಅರ್ಥವಾಗಿದ್ದು ರಿಯಾದ್‌ನಲ್ಲಿ, ಅದೂ ಒಂದು ಪೆದ್ದು ಕೆಲಸ ಮಾಡಿದ ಮೇಲೆ. ಮೊದಲ ಸಲ ಒಬ್ಬ ಹಿರಿಯ ಸೌದಿ ವ್ಯಾಪಾರಿಯನ್ನು ನೋಡಲು ಹೋಗುವಾಗ, ಬರಿಗೈಲಿ ಹೋಗಬಾರದು ಅಂತ ಹಾವೇರಿಯ ಏಲಕ್ಕಿ ಹಾರ ತಗೊಂಡು ಹೋಗಿದ್ದೆ. ಜರಿ, ಮಣಿ ಎಲ್ಲ ಹಾಕಿದ್ದು, ನಮ್ಮಲ್ಲಿ ಮಂತ್ರಿಗಳ ಕುತ್ತಿಗೆಗೆ ಹಾಕ್ತಾರಲ್ಲ, ಅದೇ. ಅವರು ಬಹಳ ಖುಷಿಯಿಂದ ಎರಡೂ ಕೈಲಿ ತಗೊಂಡರು, ಮೂಗಿನ ಹತ್ತಿರ ಹಿಡಿದರು. ಆಮೇಲೆ ಒಂದು ಕಾಯಿ ಹಿಡಿದು ಬೆಳಕಿಗೆ ಒಡ್ಡಿ ಕೇಳಿದರು: ಇದು ಯಾಕೆ ಬೆಳ್ಳಗಿದೆ? ಹಳೇ ಸ್ಟಾಕಾ? ನನ್ನ ಜಂಘಾಬಲವೇ ಉಡುಗಿತು. ಹಾರಕ್ಕೆ ಬಿಳಿ ಮಾಡಿದ ಏಲಕ್ಕಿ ಬಳಸ್ತಾರೆ, ಅದು ಅಲಂಕಾರಕ್ಕೆ ಅಂತ ಹರಕು ಅರೇಬಿಕ್‌ನಲ್ಲಿ ವಿವರಿಸುವಷ್ಟರಲ್ಲಿ ಬೆವರಿಬಿಟ್ಟೆ. ಅವರು ನಕ್ಕರು. ಹಾರವನ್ನು ಗೋಡೆಗೆ ತೂಗುಹಾಕಿಸಿದರು. ಆದರೆ ನನ್ನ ಸ್ಯಾಂಪಲ್ ಪೊಟ್ಟಣ ಬಿಚ್ಚಿದಾಗ ಮೊದಲು ನೋಡಿದ್ದು ಹಸಿರು ಬಣ್ಣವನ್ನೇ. ತಟ್ಟೆಗೆ ಸುರಿದರು, ಬೆರಳಲ್ಲಿ ಹರಡಿದರು, ನಾಲ್ಕು ಕಾಯಿ ಒಡೆದು ಬೀಜ ಕಪ್ಪಗಿದೆಯಾ ನೋಡಿದರು. ಬೆಲೆಯ ಮಾತೇ ಇಲ್ಲ. "ಮನೆಗೆ ತಗೊಂಡು ಹೋಗ್ತೀನಿ" ಅಂದರು. ಎರಡು ದಿನ ಬಿಟ್ಟು ಫೋನ್ ಬಂತು. ಮನೆಯಲ್ಲಿ ಗಹ್ವಾ ಮಾಡಿ ಕುಡಿದು ನೋಡಿದ್ದರಂತೆ. ಆಮೇಲೇ ರೇಟಿನ ವಿಚಾರ.

ಇದರಲ್ಲಿ ನಿಮಗೆ ಬೇಕಾದ ಇನ್ನೊಂದು ವಿಷಯ ಇದೆ. ಸೌದಿಗೆ ಬೇಕಾಗಿರೋದು 7, 8 ಮಿಲಿಮೀಟರ್ ದಪ್ಪದ ಹಸಿರು ಕಾಯಿ. ನಮ್ಮ ಮಲೆನಾಡಿನ ಹಳೇ ಮಲಬಾರ್ ತಳಿಯ ಕಾಯಿ ಸಣ್ಣದು. ಘಮ ಇದೆ, ಗಾತ್ರ ಇಲ್ಲ. ಕೇರಳದ ಇಡುಕ್ಕಿಯವರ ದಪ್ಪ ಕಾಯಿಯ ಪಕ್ಕ ಇಟ್ಟರೆ ಬಡಪಾಯಿ ಥರ ಕಾಣುತ್ತದೆ. ಮೇಲಿಂದ ಗ್ವಾಟೆಮಾಲಾದವರು ಬೇರೆ. ಅವರು ಏಲಕ್ಕಿ ಬೆಳೆಯೋದೇ ಬಹುಪಾಲು ಅರಬ್ಬರಿಗೋಸ್ಕರ, ರೇಟಿನಲ್ಲಿ ಅವರನ್ನು ಸೋಲಿಸೋಕೆ ಹೋಗಬೇಡಿ. ನಿಮ್ಮ ತೋಟದ ಕಾಯಿಯನ್ನು ಜರಡಿ ಹಿಡಿದು, ದಪ್ಪದ್ದು ಎಷ್ಟು ಶೇಕಡಾ ಬರುತ್ತದೆ ಅಂತ ಮೊದಲು ಲೆಕ್ಕ ಹಾಕಿ. ಕಡಿಮೆ ಬಂದರೆ ಸಣ್ಣದನ್ನು ಇಲ್ಲೇ ಮಾರಿ, ದಪ್ಪದ್ದಕ್ಕೆ ಅಕ್ಕಪಕ್ಕದ ತೋಟದವರನ್ನು ಸೇರಿಸಿಕೊಳ್ಳಿ. ಗೂಡಿನಲ್ಲಿ ಒಣಗಿಸುವಾಗ ಶಾಖ ಹೆಚ್ಚಾಗಿ ಬಣ್ಣ ಹೋದರೆ ಅಲ್ಲಿಗೆ ಕಥೆ ಮುಗೀತು.

ಹಾಗೇ ಔಷಧಿ ಹೊಡೆಯೋ ವಿಚಾರ. ಸೌದಿಯ ಆಹಾರ ಮತ್ತು ಔಷಧ ಪ್ರಾಧಿಕಾರ ಕೀಟನಾಶಕದ ಉಳಿಕೆ ಬಗ್ಗೆ ಬಹಳ ಬಿಗಿ. ನಮ್ಮ ದೇಶದ ಏಲಕ್ಕಿ ಇದೇ ಕಾರಣಕ್ಕೆ ಅಲ್ಲಿಂದ ವಾಪಸ್ ಬಂದದ್ದು ಉಂಟು. ಮಾಲು ಕಟ್ಟುವ ಮುಂಚೆ ಲ್ಯಾಬ್ ಪರೀಕ್ಷೆ ಮಾಡಿಸಿ. ಸಂಬಾರ ಮಂಡಳಿಯ ಲ್ಯಾಬ್ ಕೊಚ್ಚಿಯಲ್ಲಿದೆ. ಅರಬ್ಬರ ಸಂಸ್ಕೃತಿ ಎಷ್ಟೇ ಗೊತ್ತಿದ್ದರೂ ಬಂದರಿನಲ್ಲಿ ನಿಂತ ಕಂಟೇನರ್ ಅದರಿಂದ ಹೊರಗೆ ಬರೋದಿಲ್ಲ.

ಈಗ ನೀವು ಕೇಳಿದ ನಡವಳಿಕೆ ವಿಚಾರ. ಶೂ ತಳ ತೋರಿಸಬೇಡಿ, ಎಡಗೈ ಚಾಚಬೇಡಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ತಪ್ಪಲ್ಲ, ಆದರೆ ಅಷ್ಟಕ್ಕೇ ಯಾರೂ ವ್ಯಾಪಾರ ಬಿಟ್ಟಿದ್ದು ನಾನು ನೋಡಿಲ್ಲ. ಅವರು ನಿಜವಾಗಿ ಗಮನಿಸೋದು ಬೇರೆ. ಕೂತ ತಕ್ಷಣ ಫೈಲ್ ಬಿಚ್ಚಿದಿರಾ? ಮುಗೀತು, ನಿಮಗೆ ಅವಸರ ಇದೆ ಅಂತ ಗೊತ್ತಾಯ್ತು, ಅವಸರ ಇದ್ದವನ ಹತ್ತಿರ ರೇಟ್ ಇಳಿಸಬಹುದು. ಮೊದಲು ಕ್ಷೇಮ ಸಮಾಚಾರ. ಪ್ರಯಾಣ ಹೇಗಿತ್ತು, ಮಳೆ ಹೇಗಿದೆ, ತಂದೆ ಹೇಗಿದ್ದಾರೆ. ಮನೆಯವರೆಲ್ಲ ಆರಾಮಾ ಅಂತ ಕೇಳಬಹುದು. ಹೆಂಡತಿ ಹೇಗಿದ್ದಾರೆ ಅಂತ ಕೇಳಬಾರದು. ನಮ್ಮ ಹಳ್ಳಿಯಲ್ಲಿ ಜಮೀನು ಮಾತಾಡೋಕೆ ಹೋದವರು ಮೊದಲು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕ್ತಾರಲ್ವಾ, ಅದೇ ಲೆಕ್ಕ. ಗಹ್ವಾ ಬರುತ್ತದೆ, ಹಿಡಿ ಇಲ್ಲದ ಪುಟ್ಟ ಬಟ್ಟಲಲ್ಲಿ, ತಳದಲ್ಲಿ ಒಂದಿಷ್ಟೇ. ಬಲಗೈಲಿ ತಗೊಳ್ಳಿ. ಖಾಲಿಯಾದ ಕೂಡಲೇ ಮತ್ತೆ ಹಾಕ್ತಾರೆ, ಬೇಡ ಅಂತ ಬಾಯಲ್ಲಿ ಹೇಳಿ ಪ್ರಯೋಜನ ಇಲ್ಲ, ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಬೇಕು. ನನಗೆ ಗೊತ್ತಿರಲಿಲ್ಲ, ಮೊದಲ ದಿನ ಏಳು ಬಟ್ಟಲು ಕುಡಿದೆ.

ಮೀಟಿಂಗ್ ಮಧ್ಯೆ ಯಾರೋ ಬಂದು ಸಲಾಂ ಹೇಳಿ ಕೂರುತ್ತಾರೆ, ಫೋನ್ ಬರುತ್ತದೆ, ನಮಾಜ್‌ಗೆ ಎದ್ದು ಹೋಗುತ್ತಾರೆ. ನಿಮ್ಮನ್ನು ಕಡೆಗಣಿಸಿದ್ದಲ್ಲ ಅದು. ದಿನಕ್ಕೆ ಎರಡಕ್ಕಿಂತ ಜಾಸ್ತಿ ಭೇಟಿ ಇಟ್ಟುಕೊಳ್ಳಬೇಡಿ ಅಷ್ಟೇ. ಹೆಸರು ಹಿಡಿಯುವಾಗ ಮೊದಲ ಹೆಸರಿನ ಹಿಂದೆ ಮಿಸ್ಟರ್ ಸೇರಿಸಿ, ಖಾಲಿದ್ ಇದ್ದರೆ ಮಿಸ್ಟರ್ ಖಾಲಿದ್. ಮನೆತನದ ಹೆಸರಲ್ಲಿ ಕರೆಯೋದು ಅವರಿಗೆ ರೂಢಿ ಇಲ್ಲ. ಪರಿಚಯ ಬೆಳೆದ ಮೇಲೆ ದೊಡ್ಡ ಮಗನ ಹೆಸರು ಹಿಡಿದು ಅಬೂ ಇಂಥವನು, ಅಂದರೆ ಇಂಥವನ ಅಪ್ಪ ಅಂತ ಕರೆದರೆ ಮುಖ ಅರಳುತ್ತದೆ.

ಇನ್ಶಾಲ್ಲಾ (ದೇವರು ಬಯಸಿದರೆ) ಅಂದರೆ ಹೌದಾ, ಇಲ್ಲವಾ ಅಂತ ತುಂಬಾ ಜನ ನನ್ನನ್ನು ಕೇಳ್ತಾರೆ. ನಮ್ಮಲ್ಲಿ "ನೋಡೋಣ" ಅಂತಾರಲ್ಲ, ಅದಕ್ಕೆ ಎಷ್ಟು ಅರ್ಥ ಇದೆಯೋ ಅಷ್ಟೂ ಇದಕ್ಕಿದೆ. ಪದ ಬಿಡಿ, ಮುಂದಿನ ಕೆಲಸ ನೋಡಿ. ಇನ್ಶಾಲ್ಲಾ ಅಂದವರು ಯಾವ ತಾರೀಕಿಗೆ ಬೇಕು, ಯಾವ ಬಂದರು ಅಂತ ಕೇಳಿದರೆ ಹೌದು. ಸುಮ್ನೆ ಹೆಗಲು ತಟ್ಟಿ ಕಳಿಸಿದರೆ ಇಲ್ಲ. ಮುಖದ ಮೇಲೆ ಆಗಲ್ಲ ಅನ್ನೋದು ಅವರಿಗೂ ಕಷ್ಟ, ನಮಗಿರುವ ಹಾಗೇ.

ಚೌಕಾಸಿಯಲ್ಲಿ ಕೊನೆಗೆ "ಆಖಿರ್ ಕಲಾಂ" ಅಂತ ಕೇಳ್ತಾರೆ, ಕೊನೇ ಮಾತು ಏನು ಅಂತ. ಅದಾದ ಮೇಲೆ ರೇಟ್ ಬದಲಿಸಬೇಡಿ. ಹರಾಜಿನಲ್ಲಿ ಏಲಕ್ಕಿ ದಿಢೀರ್ ಏರಿತು ಅಂತ ಒಪ್ಪಿದ ಬೆಲೆ ಬಿಟ್ಟು ಜಾಸ್ತಿ ಕೇಳಿದವರನ್ನು ನಾನು ಬಲ್ಲೆ. ಆ ಒಂದು ಲೋಡಿನಲ್ಲಿ ಲಾಭ ಬಂತು. ಮುಂದೆ ಆ ಊರಿನಲ್ಲಿ ಯಾರೂ ಅವರ ಫೋನ್ ಎತ್ತಲಿಲ್ಲ.

ವಾರದ ರಜೆ ಗಮನ ಇರಲಿ. ದುಬೈ ಇರುವ ಯುಎಇ ದೇಶ 2022ರ ಜನವರಿಯಿಂದ ಶನಿವಾರ, ಭಾನುವಾರಕ್ಕೆ ಬದಲಾಯಿಸಿಕೊಂಡಿದೆ, ಶುಕ್ರವಾರ ಅರ್ಧ ದಿನ. ಸೌದಿಯಲ್ಲಿ ಶುಕ್ರವಾರ, ಶನಿವಾರ. ಎರಡೂ ಕಡೆ ವ್ಯವಹಾರ ಇದ್ದರೆ ಪೂರ್ತಿ ಸಿಗೋದು ಸೋಮವಾರದಿಂದ ಗುರುವಾರ. ರಂಜಾನ್ ತಿಂಗಳಲ್ಲಿ ಹೊಸ ಮಾತುಕತೆಗೆ ಹೋಗಬೇಡಿ, ಆದರೆ ನಿಮ್ಮ ಮಾಲು ಅದಕ್ಕೆ ಮುಂಚೆ ಅವರ ಗೋಡೌನಿನಲ್ಲಿ ಇರಬೇಕು. ಗಹ್ವಾ ಜಾಸ್ತಿ ಖರ್ಚಾಗುವ ಕಾಲ ಅದು. ರಂಜಾನ್ ಪ್ರತಿ ವರ್ಷ 10, 11 ದಿನ ಹಿಂದಕ್ಕೆ ಸರಿಯುತ್ತದೆ. 2026ರದ್ದು ಫೆಬ್ರವರಿಯಲ್ಲಿ, 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ಶುರುವಾಗುತ್ತದೆ. ನಮ್ಮ ಕೊಯ್ಲು ಆಗಸ್ಟ್ ಹೊತ್ತಿಗೆ ಶುರು ಅಲ್ವಾ, ಈ ಕೆಲವು ವರ್ಷ ಲೆಕ್ಕ ಚೆನ್ನಾಗಿ ಕೂಡಿ ಬರುತ್ತದೆ.

ಸುಂಕದ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಭಾರತ, ಯುಎಇ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ, ಅದರ ಲಾಭ ಸಿಗಬೇಕಾದರೆ ಮಾಲು ಭಾರತದ್ದೇ ಅನ್ನುವ ಮೂಲ ದೇಶದ ಪ್ರಮಾಣಪತ್ರ ಮಾಡಿಸಬೇಕು. ಇದು ಸೌದಿಗೆ ಅನ್ವಯಿಸಲ್ಲ. ನಿಮ್ಮ ಕಸ್ಟಮ್ಸ್ ಏಜೆಂಟರಿಗೆ ಸರಕಿನ ಕಸ್ಟಮ್ಸ್ ಕೋಡ್ ಹೇಳಿ ಸುಂಕ ಎಷ್ಟು ಅಂತ ಕೇಳಿ, ಏಲಕ್ಕಿ 0908ರಲ್ಲಿ ಬರುತ್ತದೆ, ಮೆಣಸು 0904ರಲ್ಲಿ. ಪೊಟ್ಟಣದಲ್ಲಿ ಮಾರುವುದಾದರೆ ಲೇಬಲ್ ಅರೇಬಿಕ್‌ನಲ್ಲಿ ಇರಬೇಕು, ತಯಾರಿಸಿದ ಮತ್ತು ಮುಗಿಯುವ ತಾರೀಕು ಎರಡೂ ಬೇಕು. ಮೊದಲ ಭೇಟಿಯಲ್ಲೇ ಯಾರಾದರೂ ಇಡೀ ದೇಶಕ್ಕೆ ನನಗೊಬ್ಬನಿಗೇ ಏಜೆನ್ಸಿ ಕೊಡಿ ಅಂದರೆ ನಕ್ಕು ಮಾತು ಮರೆಸಿ. ಯುಎಇನಲ್ಲಿ ಒಮ್ಮೆ ನೋಂದಾಯಿಸಿದ ಏಜೆಂಟನನ್ನು ಬಿಡಿಸಿಕೊಳ್ಳೋದು ಬಹಳ ವರ್ಷ ದೊಡ್ಡ ತಲೆನೋವಾಗಿತ್ತು, 2023ರಲ್ಲಿ ಜಾರಿಗೆ ಬಂದ ಹೊಸ ಕಾನೂನು ಸ್ವಲ್ಪ ಸಡಿಲ ಮಾಡಿದೆ ಅಷ್ಟೇ.

ಈಗ ನನ್ನ ದುಡ್ಡು ಹೋದ ಕಥೆ. ನಾನು ಅಲ್ಲಿ ಒಂಬತ್ತು ವರ್ಷ ಇದ್ದವನು, ನನಗ್ಯಾರು ಟೋಪಿ ಹಾಕ್ತಾರೆ ಅಂತ ಧೈರ್ಯ ಇತ್ತು. ದೇರಾದ ಒಂದು ಟ್ರೇಡಿಂಗ್ ಕಂಪನಿ 50 ಕಿಲೋ ತಗೊಂಡಿತು, ನಗದು ಕೊಟ್ಟಿತು. ಆಮೇಲೆ 150 ಕಿಲೋ, ಮತ್ತೆ ನಗದು. ಮೂರನೇ ಸಲ 600 ಕಿಲೋ, 60 ದಿನದ ಮುಂದಿನ ತಾರೀಕಿನ ಚೆಕ್. ಒಳ್ಳೆ ಆಫೀಸು, ರಿಸೆಪ್ಷನ್, ಲೈಸೆನ್ಸ್ ಎಲ್ಲ ಇತ್ತು. ಚೆಕ್ ಬ್ಯಾಂಕಿಗೆ ಹಾಕುವಷ್ಟರಲ್ಲಿ ಆಫೀಸಿಗೆ ಬೀಗ. ನನ್ನ ಹಾಗೆ ಅಕ್ಕಿಯವರು, ಪೇಂಟಿನವರು, ಮೊಬೈಲಿನವರು, ಒಂದು ಗುಂಪೇ ಬಾಗಿಲ ಮುಂದೆ ನಿಂತಿತ್ತು. ಹಣ ಬರಲಿಲ್ಲ. ತಮಾಷೆ ಏನು ಗೊತ್ತಾ? ಅದನ್ನು ನಡೆಸುತ್ತಿದ್ದವರು ಅರಬ್ಬರಲ್ಲ, ಹಿಂದಿಯಲ್ಲಿ ಭಾಯ್ ಭಾಯ್ ಅಂತ ಮಾತಾಡೋರು. ನಾನು ಅರಬ್ಬರ ಮುಂದೆ ಹೇಗೆ ಕೂರಬೇಕು ಅಂತ ಕಲಿತಿದ್ದೆ, ನಮ್ಮವರ ಮುಂದೆ ಹುಷಾರಾಗಿರೋದು ಮರೆತಿದ್ದೆ. ಮೊದಲು ಅಲ್ಲಿ ಚೆಕ್ ಬೌನ್ಸ್ ಆದರೆ ಜೈಲು ಅಂತ ಭಯ ಇತ್ತು. 2022ರ ಜನವರಿಯಿಂದ ಬರೀ ದುಡ್ಡಿಲ್ಲದೆ ಬೌನ್ಸ್ ಆದದ್ದು ಹೆಚ್ಚಿನಂಶ ಸಿವಿಲ್ ವ್ಯಾಜ್ಯ. ಹಾಗಾಗಿ ಹೊಸಬರ ಹತ್ತಿರ ಮುಂಗಡ, ಇಲ್ಲವೇ ಒಳ್ಳೆ ಬ್ಯಾಂಕಿನ ಎಲ್‌ಸಿ, ಅಂದರೆ ದುಡ್ಡಿಗೆ ಬ್ಯಾಂಕೇ ಕೊಡುವ ಖಾತ್ರಿ ಪತ್ರ. ಸಾಲ ಕೊಡಲೇಬೇಕು ಅಂದರೆ ಸರ್ಕಾರದ ರಫ್ತು ವಿಮೆ ಕಂಪನಿ ಇಸಿಜಿಸಿಯಲ್ಲಿ ವಿಮೆ ಮಾಡಿಸಿ. ರಿಯಾದ್‌ನ ಆ ಹಿರಿಯರ ಹತ್ತಿರವೂ ನಾನು ಮೊದಲ ಎರಡು ವರ್ಷ ಎಲ್‌ಸಿ ಕೇಳಿದೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ಅವರೂ ವ್ಯಾಪಾರಿಯೇ ತಾನೆ.

ಇನ್ನು ಅರೇಬಿಕ್. ದುಬೈಗೆ ಬೇಡವೇ ಬೇಡ. ಸೌದಿಯಲ್ಲೂ ಖರೀದಿ ಮ್ಯಾನೇಜರ್‌ಗಳು ಇಂಗ್ಲಿಷ್ ಮಾತಾಡ್ತಾರೆ, ವಾಟ್ಸಾಪ್‌ನಲ್ಲಿ ಕೆಲಸ ನಡೆಯುತ್ತದೆ. ಅಲ್ಲಿ ವಾಯ್ಸ್ ಮೆಸೇಜ್ ಜಾಸ್ತಿ, ಅದಕ್ಕೆ ಅದೇ ದಿನ ಉತ್ತರ ಕೊಡಿ. ಆದರೆ ನಮಸ್ಕಾರದ ನಾಲ್ಕು ಮಾತು, ಒಂದರಿಂದ ನೂರರವರೆಗೆ ಎಣಿಕೆ, ಇಷ್ಟು ಕಲಿತರೆ ಒಳ್ಳೇದು. ನಿಮ್ಮ ಮಾಲಿನ ಹೆಸರಂತೂ ಬರಲೇಬೇಕು. ಕೊಲ್ಲಿಯ ಅರೇಬಿಕ್‌ನಲ್ಲಿ ಏಲಕ್ಕಿಗೆ "ಹೇಲ್" ಅಂತಾರೆ. ನಮ್ಮಲ್ಲಿ ಅದು ಏನು ಅಂತ ನಾನು ಹೇಳಬೇಕಾಗಿಲ್ಲ. ಗಂಭೀರವಾಗಿ ಗಡ್ಡ ನೀವಿಕೊಂಡು ಹಿರಿಯರೊಬ್ಬರು "ನಿಮ್ಮ ಹೇಲ್ ಬಹಳ ಚೆನ್ನಾಗಿದೆ, ಮನೆಯಲ್ಲಿ ಎಲ್ಲರಿಗೂ ಇಷ್ಟ ಆಯ್ತು" ಅಂದಾಗ ನಗದೆ ಕೂರೋದನ್ನು ಹೊರಡುವ ಮುಂಚೆ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಕೊಂಡು ಹೋಗಿ.