ಸೀಟಿನ ಅಡಿಯಲ್ಲಿ ಎಂತ ಉಂಟು?

ಮಂಗಳೂರಿನ ಪಂಪ್‌ವೆಲ್ ಹತ್ತಿರ ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿ ನನ್ನದು. ಕಳೆದ ಸಲ ಸೀಟ್ ಕವರ್ ಬಗ್ಗೆ ಬರೆಯುವಾಗ ಸೀಟಿನ ಅಡಿಯ ಜಾಗದ ಮಾತು ಬಂದಿತ್ತು. ಅದಕ್ಕೇ ಜಾಸ್ತಿ ಪ್ರಶ್ನೆಗಳು ಬಂದಿವೆ. ಈ ಸಲ ಅಷ್ಟನ್ನೇ ತೆಗೆದುಕೊಂಡಿದ್ದೇನೆ.

ಅಣ್ಣಾ, ನಮ್ಮದು ಸೆಕೆಂಡ್ ಹ್ಯಾಂಡ್ ವ್ಯಾಗನ್‌ಆರ್. ಮೊನ್ನೆ ಮಗಳ ಕಿವಿಯೋಲೆ ಹುಡುಕುವಾಗ ಎದುರಿನ ಸೀಟಿನ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಟ್ರೇ ಕಂಡಿತು. ಇದು ಕಂಪೆನಿಯದ್ದಾ, ಹಿಂದಿನವರು ಹಾಕಿಸಿದ್ದಾ? ಅದರಲ್ಲಿ ಎಂತ ಇಡಬಹುದು?
— ಓದುಗರು, ಬ್ರಹ್ಮಾವರ

ಕಂಪೆನಿಯದ್ದೇ ಇರಬೇಕು. ವ್ಯಾಗನ್‌ಆರ್‌ನ ಕೆಲವು ವೇರಿಯಂಟ್‌ಗಳಲ್ಲಿ ಡ್ರೈವರ್ ಪಕ್ಕದ ಸೀಟಿನ ಅಡಿಗೆ ಟ್ರೇ ಕೊಟ್ಟಿದ್ದಾರೆ. ಕಿಯಾ ಕ್ಯಾರೆನ್ಸ್‌ನಲ್ಲೂ ಎಳೆಯುವ ಟ್ರೇ ಉಂಟು. ಎರ್ಟಿಗಾದಲ್ಲಿ ಜಾಗ ಇರುವುದು ಸೀಟಿನ ಅಡಿಯಲ್ಲಲ್ಲ, ಡಿಕ್ಕಿಯ ನೆಲದ ಹಲಗೆ ಎತ್ತಿದರೆ ಅದರ ಕೆಳಗೆ. ಹೋಂಡಾ ಜಾಝ್‌ನವರ ಬುದ್ಧಿ ನನಗೆ ಎಲ್ಲಕ್ಕಿಂತ ಇಷ್ಟ. ಅವರು ಪೆಟ್ರೋಲ್ ಟ್ಯಾಂಕನ್ನೇ ಎದುರಿನ ಸೀಟುಗಳ ಅಡಿಗೆ ತಂದುಬಿಟ್ಟರು. ಹಾಗಾಗಿ ಮ್ಯಾಜಿಕ್ ಸೀಟ್ ಇರುವ ಜಾಝ್‌ನಲ್ಲಿ ಹಿಂದಿನ ಸೀಟಿನ ಕೂರುವ ಭಾಗವನ್ನು ಥಿಯೇಟರ್ ಕುರ್ಚಿಯ ಹಾಗೆ ಮೇಲಕ್ಕೆ ಮಡಚಬಹುದು. ಕಸಿ ಮಾವಿನ ಗಿಡವನ್ನು ಮಲಗಿಸದೆ ನಿಲ್ಲಿಸಿಯೇ ತರಬಹುದು.

ಶೋರೂಮಿನಲ್ಲಿ ಸ್ಕ್ರೀನ್ ತೋರಿಸುತ್ತಾರೆ, ಕ್ಯಾಮೆರಾ ತೋರಿಸುತ್ತಾರೆ, ಈ ಟ್ರೇ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ. ನನ್ನ ಅಂಗಡಿಗೆ ಬರುವ ಸುಮಾರು ಜನಕ್ಕೆ ತಮ್ಮದೇ ಕಾರಿನ ಟ್ರೇ ಗೊತ್ತಿರುವುದಿಲ್ಲ. ಒಂದೇ ಮಾಡೆಲ್ ಆದರೂ ವೇರಿಯಂಟ್ ಬೇರೆಯಾದರೆ ಟ್ರೇ ಇರದೆಯೂ ಇರಬಹುದು. ಬಗ್ಗಿ ಟಾರ್ಚ್ ಹಾಕಿ ನೋಡುವುದೇ ದಾರಿ.

ಇನ್ನು ಎಂತ ಇಡುವುದು? ವರ್ಷಕ್ಕೆ ಒಂದೆರಡು ಸಲ ಬೇಕಾಗುವ, ಒಣಗಿದ, ಚಪ್ಪಟೆ ಸಾಮಾನು. ಗಾಡಿಯ ಪುಸ್ತಕ, ಪ್ರಥಮ ಚಿಕಿತ್ಸೆಯ ಡಬ್ಬಿ, ಹಳೆ ಬೈರಾಸು (ಟವೆಲ್), ಒಂದು ಜೊತೆ ರಬ್ಬರ್ ಚಪ್ಪಲಿ, ಎರಡು ಗಟ್ಟಿ ಪ್ಲಾಸ್ಟಿಕ್ ಚೀಲ. ಹಿಡಿಸಿದರೆ, ಗಾಡಿ ಕೆಟ್ಟಾಗ ಹಿಂದಿನವರಿಗೆ ಎಚ್ಚರಿಕೆಗೆ ರಸ್ತೆಯಲ್ಲಿಡುವ ಮಡಚುವ ಕೆಂಪು ತ್ರಿಕೋನವನ್ನೂ ಇಡಿ. ರಾತ್ರಿ ಪಡುಬಿದ್ರಿ ಹತ್ತಿರ ಮಳೆಯಲ್ಲಿ ಟಯರ್ ಪಂಕ್ಚರ್ ಆದರೆ ಇವುಗಳ ಬೆಲೆ ಗೊತ್ತಾಗುತ್ತದೆ. ಗಾಜು ಒಡೆಯುವ ಸುತ್ತಿಗೆ ಮಾತ್ರ ಅಲ್ಲಿ ಬೇಡ. ಬೆಲ್ಟ್ ಹಾಕಿಕೊಂಡೇ ಕೈಗೆ ಸಿಗುವ ಜಾಗದಲ್ಲಿ ಇರಬೇಕು ಅದು.

ಆರ್‌ಸಿ, ಲೈಸೆನ್ಸ್‌ಗಳ ಅಸಲಿ ಪ್ರತಿ ಮನೆಯಲ್ಲೇ ಇರಲಿ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆಪ್‌ನಲ್ಲಿ ತೋರಿಸಿದರೆ ಸಾಕು. ಮೊಬೈಲಿನಲ್ಲಿ ಸುಮ್ನೆ ಫೋಟೊ ಹೊಡೆದಿಟ್ಟದ್ದು ನಡೆಯುವುದಿಲ್ಲ.

ಕಿವಿಯೋಲೆ ಸಿಕ್ಕಿತಾ? ಸಿಗದಿದ್ದರೆ ಸೀಟು ಜಾರುವ ಹಳಿಯ ಸಂದಿಯಲ್ಲಿ ನೋಡಿ. ಸೀಟು ಬಿಚ್ಚುವಾಗ ನಮಗೆ ಅಲ್ಲಿ ಎಂತೆಲ್ಲ ಸಿಗುತ್ತದೆ! ಕಟೀಲಿನ ಪ್ರಸಾದದ ಪೊಟ್ಟಣ, ಮಕ್ಕಳ ಕ್ಲಿಪ್ಪು, ಚಕ್ಕುಲಿ ಚೂರು, ಒಂಟಿ ಚಪ್ಪಲಿ. ಬಂಗಾರದ್ದು ಸಿಕ್ಕಿದರೆ ಕೂಡಲೇ ಫೋನ್ ಮಾಡುತ್ತೇವೆ. ಚಿಲ್ಲರೆ ನಮ್ಮ ಹುಡುಗರ ಚಾಕ್ಕೆ ಹೋಗುತ್ತದೆ, ಸುಳ್ಳು ಯಾಕೆ ಹೇಳಬೇಕು.

ನೀರಿನ ಬಾಟಲಿ, ಕೊಡೆ ಎಲ್ಲ ನಾನು ಡ್ರೈವರ್ ಸೀಟಿನ ಅಡಿಯಲ್ಲೇ ಇಡುವುದು. ಕೈಗೆ ಬೇಗ ಸಿಗುತ್ತದೆ. ಹೆಂಡತಿ ಬೈಯುತ್ತಾಳೆ. ಯಾರು ಸರಿ?
— ಓದುಗರು, ಸುರತ್ಕಲ್

ಅಕ್ಕನೇ ಸರಿ. ಇದರಲ್ಲಿ ನನ್ನದು ರಾಜಿಯೇ ಇಲ್ಲ. ನೀವು ಜೋರು ಬ್ರೇಕ್ ಹಾಕಿದಾಗ ಅಡಿಯಲ್ಲಿದ್ದ ಬಾಟಲಿ ಮುಂದಕ್ಕೆ ಉರುಳುತ್ತದೆ. ಹೋಗಿ ನಿಲ್ಲುವುದು ಬ್ರೇಕ್ ಪೆಡಲಿನ ಅಡಿಯಲ್ಲಿ. ಆಮೇಲೆ ನೀವು ಎಷ್ಟು ತುಳಿದರೂ ಪೆಡಲ್ ಕೆಳಗೆ ಹೋಗುವುದಿಲ್ಲ. ಕೆತ್ತಿಕಲ್ಲಿನ ಇಳಿಜಾರಿನಲ್ಲಿ ಹೀಗಾದರೆ ಯೋಚನೆ ಮಾಡಿ. ಡ್ರೈವರ್ ಸೀಟಿನ ಅಡಿಯಲ್ಲಿ ಬಿಡಿಬಿಡಿಯಾಗಿ ಏನೂ ಇರಬಾರದು. ಚಪ್ಪಲಿ ಕಳಚಿ ಬರಿಗಾಲಿನಲ್ಲಿ ಓಡಿಸುವವರು ಆ ಚಪ್ಪಲಿಯನ್ನು ಅಲ್ಲೇ ಬಿಡುತ್ತಾರೆ, ಅದೂ ಇದೇ ಲೆಕ್ಕ. ಬಾಟಲಿಗೆ ಬಾಗಿಲಿನಲ್ಲಿ ಜಾಗ ಉಂಟು.

ಒದ್ದೆ ಕೊಡೆಯನ್ನು ಉದ್ದದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಿಲ್ಲಿಸಿ ಹಿಂದಿನ ಕಾಲಿನ ಜಾಗದಲ್ಲಿಡಿ. ಸ್ಕೋಡಾ ಸೂಪರ್ಬ್‌ನಲ್ಲಿ ಕೊಡೆಗೆಂದೇ ಬಾಗಿಲಿನೊಳಗೆ ಗೂಡು ಕೊಟ್ಟಿದ್ದಾರೆ. ನೀರು ಹೊರಗೆ ಹರಿದುಹೋಗಲು ದಾರಿಯೂ ಉಂಟು. ಜೆಕ್ ದೇಶದವರಿಗೆ ಹೊಳೆದದ್ದು ನಮ್ಮ ಊರಿಗೆ ಕಾರು ಮಾರುವ ಉಳಿದವರಿಗೆ ಯಾಕೆ ಹೊಳೆಯಲಿಲ್ಲವೋ.

ಜುಲೈ ಬಂತೆಂದರೆ ಕಾರಿನೊಳಗೆ ಬೂಷ್ಟು ಹಿಡಿದ ವಾಸನೆ. ಎದುರಿನ ಎಡ ಸೀಟಿನ ಅಡಿಯಲ್ಲಿ ಇಟ್ಟ ಬಟ್ಟೆಚೀಲವೂ ಒದ್ದೆ. ಗಾಜು ಎಲ್ಲ ಸರಿಯಾಗಿ ಹಾಕಿರುತ್ತೇನೆ. ನೀರು ಬರುವುದು ಎಲ್ಲಿಂದ?
— ಓದುಗರು, ಕಾರ್ಕಳ

ಮೊದಲು ಚೀಲ ಹೊರಗೆ ತೆಗೆಯಿರಿ. ಆಮೇಲೆ ಮ್ಯಾಟ್ ಎತ್ತಿ ಕಾರ್ಪೆಟನ್ನು ಕೈಯಿಂದ ಒತ್ತಿ ನೋಡಿ. ಮೇಲೆ ಒಣಗಿದ ಹಾಗೆ ಕಂಡರೂ ಅಡಿಯ ಸ್ಪಂಜು ನೀರು ಕುಡಿದಿರುತ್ತದೆ.

ಎಡಗಡೆ ಮಾತ್ರ ಒದ್ದೆ, ಅದೂ ಎಸಿ ಹಾಕಿ ಓಡಿಸಿದ ದಿನ ಎಂದಾದರೆ ನನ್ನ ಸಂಶಯ ಎಸಿಯ ನೀರು ಹೋಗುವ ಪೈಪಿನ ಮೇಲೆ. ಎಸಿ ಓಡುವಾಗ ಕಾರಿನ ಅಡಿಯಿಂದ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕುವುದಿಲ್ಲ ಎಂದಾದರೆ ಪೈಪಿನಲ್ಲಿ ಕಸ ಕಟ್ಟಿ ನೀರು ಒಳಗೆ ಇಳಿಯುತ್ತಾ ಇದೆ. ಗ್ಯಾರೇಜಿನಲ್ಲಿ ಗಾಳಿ ಊದಿದರೆ ಸರಿಯಾಗುತ್ತದೆ. ಎಸಿ ಹಾಕದೆ ಮಳೆಗೆ ನಿಲ್ಲಿಸಿದಾಗಲೂ ಒದ್ದೆಯಾದರೆ ಎದುರಿನ ಗಾಜಿನ ಕೆಳಗೆ, ವೈಪರ್ ಇರುವ ಜಾಗ ನೋಡಿ. ಹಲಸಿನ ಮರದ ಅಡಿಯಲ್ಲಿ ನಿಲ್ಲಿಸುವವರ ಕಾರಿನಲ್ಲಿ ಅಲ್ಲಿ ಎಲೆ ತುಂಬಿ ನೀರು ಹೋಗುವ ತೂತು ಮುಚ್ಚಿರುತ್ತದೆ. ಸನ್‌ರೂಫ್ ಇದ್ದರೆ ಅದಕ್ಕೂ ಸಪೂರ ಪೈಪುಗಳುಂಟು, ಅವೂ ಕಟ್ಟುತ್ತವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಮೇ ತಿಂಗಳಲ್ಲೇ ಇವನ್ನೆಲ್ಲ ಒಮ್ಮೆ ನೋಡಿಸಬೇಕು.

ಒಣಗಿಸಲು ಕಾರ್ಪೆಟ್ ಅಡಿಗೆ ಹಳೆ ಪೇಪರ್ ತುರುಕಿ, ಒದ್ದೆಯಾದ ಹಾಗೆ ಬದಲಾಯಿಸಿ. ಪರ್ಫ್ಯೂಮ್ ತೂಗುಹಾಕಿ ವಾಸನೆ ಮುಚ್ಚುವುದು ದಂಡ. ಎರಡು ವಾಸನೆಯೂ ಸೇರಿ ತಲೆನೋವು ಬರುತ್ತದೆ. ಮಳೆಗಾಲದಲ್ಲಿ ಸೀಟಿನ ಅಡಿಯ ಬಟ್ಟೆ, ಕಾಗದ ಎಲ್ಲ ಮುಚ್ಚಳ ಇರುವ ಡಬ್ಬಿಯೊಳಗೇ ಇರಲಿ.

ಮದುವೆ ಸೀಸನ್. ಮದುವೆ ಹಾಲ್‌ನಿಂದ ಮಲ್ಪೆ ಬೀಚಿಗೆ ಹೋಗುವಾಗ ಚಿನ್ನವನ್ನು ಸೀಟಿನ ಅಡಿಯ ಟ್ರೇಯಲ್ಲಿಟ್ಟು ಲಾಕ್ ಮಾಡಿದರೆ ಸಾಕಲ್ವಾ? ಯಾರಿಗೂ ಕಾಣುವುದಿಲ್ಲ.
— ಓದುಗರು, ಉಡುಪಿ

ಬೇಡ ಅಕ್ಕ. ಕಾಣದಿದ್ದರೆ ಭದ್ರ ಎಂದು ಅರ್ಥ ಅಲ್ಲ. ಗಾಜು ಒಡೆದವನು ಮೊದಲು ಕೈ ಹಾಕುವುದೇ ಡ್ಯಾಶ್‌ಬೋರ್ಡಿಗೆ ಮತ್ತು ಸೀಟಿನ ಅಡಿಗೆ. ಆ ಟ್ರೇಗೆ ಬೀಗವೂ ಇರುವುದಿಲ್ಲ. ಕಾರಿನ ಇನ್ಶೂರೆನ್ಸ್ ಇರುವುದು ಕಾರಿಗೆ, ಒಳಗಿನ ನಿಮ್ಮ ಸಾಮಾನಿಗಲ್ಲ. ಅದಕ್ಕೆ ಬೇರೆ ದುಡ್ಡು ಕಟ್ಟಿ ಆಡ್-ಆನ್ ತೆಗೆದುಕೊಂಡರೂ ಸಾಮಾನ್ಯವಾಗಿ ಚಿನ್ನ ಮತ್ತು ನಗದನ್ನು ಹೊರಗಿಟ್ಟಿರುತ್ತಾರೆ. ಚಿನ್ನ ಮೊದಲು ಮನೆಗೆ, ಆಮೇಲೆ ಬೀಚು.

ನೆಲದ ತಗಡು ಕತ್ತರಿಸಿ ಯಾರಿಗೂ ಗೊತ್ತಾಗದ ಹಾಗೆ ಒಂದು ಗುಪ್ತ ಪೆಟ್ಟಿಗೆ ಮಾಡಿಕೊಡುತ್ತೀರಾ? ವ್ಯಾಪಾರದ ದುಡ್ಡು ಸಾಗಿಸಲಿಕ್ಕೆ.
— ಓದುಗರು, ಉಳ್ಳಾಲ

ಇಲ್ಲ. ಕಂಪೆನಿ ಕೊಟ್ಟ ರೂಪವನ್ನೇ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. ಅದಕ್ಕಿಂತ ಮುಂಚೆ ನನ್ನ ಹೆದರಿಕೆ ಬೇರೆ. ನೆಲದ ಕೆಳಗೆ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಹೋಗುತ್ತವೆ. ಕತ್ತರಿಸಿದ ತಗಡಿಗೆ ನಮ್ಮ ಉಪ್ಪುಗಾಳಿ ತಾಗಿದರೆ ತುಕ್ಕು ಬೇಗ ಹಿಡಿಯುತ್ತದೆ. ತಲಪಾಡಿ ಗಡಿಯಲ್ಲಿ ತಪಾಸಣೆಯವರು ನಿಲ್ಲಿಸಿದರೆ, ಲೆಕ್ಕ ಇರುವ ದುಡ್ಡು ಕೂಡ ಗುಪ್ತ ಪೆಟ್ಟಿಗೆಯಿಂದ ಹೊರಗೆ ಬಂದರೆ ಕಳ್ಳ ದುಡ್ಡಿನ ಹಾಗೆ ಕಾಣುತ್ತದೆ. ಬ್ಯಾಂಕಿನ ಚೀಟಿ ಜೊತೆಗಿಟ್ಟು ಸಾದಾ ಬ್ಯಾಗಿನಲ್ಲಿ ಒಯ್ಯಿರಿ ಮಾರಾಯ್ರೇ.

ಸೀಟಿನ ಅಡಿಗೆ ವೂಫರ್ ಕೂರಿಸಬೇಕೆಂದು ಆಸೆ. ನಾನೇ ಸೀಟು ಬಿಚ್ಚಿ ಮಾಡಬಹುದಾ?
— ವಿದ್ಯಾರ್ಥಿ, ಮಣಿಪಾಲ

ಕೂರಿಸಬಹುದು. ಸೀಟಿನ ಅಡಿಗೆಂದೇ ಚಪ್ಪಟೆ ವೂಫರ್ ಸಿಗುತ್ತದೆ. ಆದರೆ ನೀನೇ ಸೀಟು ಬಿಚ್ಚಬೇಡ ಮಗಾ. ಬಗ್ಗಿ ನೋಡು, ಅಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದು, ಇಲ್ಲವೇ ಬೆಲ್ಟ್ ಬಿಗಿಮಾಡುವ ಸಾಧನದ್ದು. ಅದನ್ನು ಎಳೆದಾಡಿದರೆ ಏರ್‌ಬ್ಯಾಗ್ ಲೈಟು ಹತ್ತಿ ಕೂರುತ್ತದೆ. ಲೈಟು ಹತ್ತಿದೆ ಎಂದರೆ ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚದೆಯೂ ಹೋಗಬಹುದು. ನಾವು ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆಯೇ ಸೀಟಿನ ಬೋಲ್ಟಿಗೆ ಕೈ ಹಾಕುವುದು. ಎಲೆಕ್ಟ್ರಿಕ್ ಕಾರಿನಲ್ಲಿ ಕಿತ್ತಳೆ ಬಣ್ಣದ ವಯರ್ ಕಂಡರೆ ಮುಟ್ಟಲೇಬೇಡ, ಅದು ಹೈ ವೋಲ್ಟೇಜ್. ಹಿಂದಿನ ಕಾಲಿಗೆ ಎಸಿ ಗಾಳಿ ಬರುವ ದಾರಿಯೂ ತುಂಬ ಕಾರುಗಳಲ್ಲಿ ಎದುರಿನ ಸೀಟಿನ ಅಡಿಯಲ್ಲೇ ಉಂಟು. ವೂಫರ್ ಅದರ ಬಾಯಿ ಮುಚ್ಚಬಾರದು.

ವಾರಕ್ಕೊಮ್ಮೆ ಮಂಗಳೂರಿಗೆ ಮಲ್ಲಿಗೆ ಒಯ್ಯುತ್ತೇನೆ. ಬಿಸಿಲಿಗೆ ಬಾಡದ ಹಾಗೆ ಸೀಟಿನ ಅಡಿಯಲ್ಲಿಡಬಹುದಾ?
— ಗೃಹಿಣಿ, ಶಂಕರಪುರ

ಮುಚ್ಚಿದ ಟ್ರೇಯೊಳಗೆ ಬೇಡ, ಅಲ್ಲಿ ಗಾಳಿ ಆಡುವುದಿಲ್ಲ. ಈಗಷ್ಟೇ ಹೇಳಿದ ಎಸಿ ದಾರಿ ನಿಮ್ಮ ಕಾರಿನಲ್ಲಿ ಉಂಟಾ ನೋಡಿ. ಇದ್ದರೆ ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿ, ಬಾಳೆಎಲೆಯಲ್ಲಿ ಕಟ್ಟಿದ ಅಟ್ಟೆಯನ್ನು (ಮಲ್ಲಿಗೆಯ ಕಟ್ಟನ್ನು) ಹಿಂದಿನ ಮ್ಯಾಟಿನ ಮೇಲೆ ಬುಟ್ಟಿಯಲ್ಲಿಡಿ. ಬಿಸಿಲು ತಾಗದ, ತಂಪು ಬರುವ ಜಾಗ ಅದು. ಬಾಳೆಎಲೆ ಬಿಟ್ಟು ಪ್ಲಾಸ್ಟಿಕ್‌ನಲ್ಲಿ ಕಟ್ಟಬೇಡಿ ಎಂದು ನಿಮಗೆ ನಾನು ಹೇಳಬೇಕಾ!

ಬಂಗುಡೆ ತರುವಾಗ?
— ಓದುಗರು, ಬೈಕಂಪಾಡಿ

ಸೀಟಿನ ಅಡಿಯಲ್ಲಿ ಬೇಡವೇ ಬೇಡ. ಮುಚ್ಚಳದ ಬಕೆಟಿನಲ್ಲಿ, ಡಿಕ್ಕಿಯಲ್ಲಿ. ಮೀನಿನ ನೀರು ಕಾರ್ಪೆಟಿನ ಸ್ಪಂಜಿಗೆ ಇಳಿದರೆ ಕಾರು ಮಾರುವವರೆಗೂ ಬಂಗುಡೆ ನಿಮ್ಮ ಜೊತೆಗೇ.

ನಮ್ಮಲ್ಲಿ ಹಳೆ ಓಮ್ನಿ ಉಂಟು. ಎದುರಿನ ಸೀಟು ಎತ್ತಿದರೆ ಸ್ವಲ್ಪ ಜಾಗ ಕಾಣುತ್ತದೆ. ಅಲ್ಲಿ ಬಟ್ಟೆ, ಗೋಣಿ ಇಡುವುದಕ್ಕೆ ತೊಂದರೆ ಇಲ್ಲವಲ್ಲ? ಇತ್ತೀಚೆಗೆ ಇಲಿ ಕಾಟವೂ ಶುರುವಾಗಿದೆ.
— ಕೃಷಿಕರು, ಹೆಬ್ರಿ

ತೊಂದರೆ ಉಂಟು, ದೊಡ್ಡದೇ ಉಂಟು. ಓಮ್ನಿಯ ಎಂಜಿನ್ ಇರುವುದೇ ಎದುರಿನ ಸೀಟಿನ ಅಡಿಯಲ್ಲಿ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದಾಗಿನಿಂದ 2019ರಲ್ಲಿ ನಿಲ್ಲುವವರೆಗೂ ಹಾಗೆಯೇ. ಈಕೋದಲ್ಲೂ ಅಷ್ಟೆ. ಬಿಸಿ ಎಂಜಿನ್ ಪಕ್ಕ ಎಣ್ಣೆ ಹಿಡಿದ ಗೋಣಿ ಇಟ್ಟರೆ ಬೆಂಕಿಗೆ ಕರೆದ ಹಾಗೆಯೇ. ಇವತ್ತೇ ತೆಗೆಯಿರಿ. ಎಂಜಿನ್ ಹಿಂದಿದ್ದರೂ ಮುಂದಿದ್ದರೂ ಸ್ಪ್ರೇ ಡಬ್ಬಿ, ಲೈಟರ್, ಪವರ್ ಬ್ಯಾಂಕ್ ಯಾವ ಕಾರಿನಲ್ಲೂ ಬಿಟ್ಟು ಹೋಗಬೇಡಿ, ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕಾರು ಹೇಗೆ ಕಾಯುತ್ತದೆ ಎಂದು ಗೊತ್ತಲ್ವಾ.

ಇಲಿಗೆ ಆ ಗೋಣಿಯೇ ಮನೆ. ಬೆಚ್ಚಗಿನ ಜಾಗ, ಹಾಸಲು ನಾರು, ತಿನ್ನಲು ಸೀಟಿನ ಸಂದಿಯ ಬಿಸ್ಕತ್ತು. ಇನ್ನೆಂತ ಬೇಕು? ತಿಂಡಿ ಚೂರು ಗುಡಿಸಿ, ಅಡಿಕೆ, ಅಕ್ಕಿಚೀಲ ಇರುವ ಕೊಟ್ಟಿಗೆಯಿಂದ ಗಾಡಿಯನ್ನು ದೂರ ನಿಲ್ಲಿಸಿ. ಹೊಗೆಸೊಪ್ಪು ಕಟ್ಟುವವರಿದ್ದಾರೆ. ಕಟ್ಟುವುದಾದರೆ ಬಿಸಿ ಜಾಗಕ್ಕೆ ತಾಗದ ಹಾಗೆ ಕಟ್ಟಿ. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸದೆ ಓಡಿಸುತ್ತಾ ಇರುವುದು ಅದಕ್ಕಿಂತ ಒಳ್ಳೆ ಮದ್ದು. ವಯರ್ ಕಡಿದ ಗುರುತು ಕಂಡರೆ ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಹರಿದ ಸೀಟು ಹೊಲಿಸಲು ನನ್ನಲ್ಲಿಗೆ ಆಮೇಲೆ ಬನ್ನಿ.