ಅರ್ಜಿ ಅಚ್ಚಾಯಿತು, ಪೇಟೆಂಟ್ ಎಲ್ಲಿ?

ಪೇಟೆಂಟ್ ಬಗ್ಗೆ ಬರುವ ಪತ್ರಗಳಲ್ಲಿ ಹೊಸ ಪ್ರಶ್ನೆ ಅಪರೂಪ. ಹಳೆಯವೇ ಊರು, ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ. ಪೇಟೆಂಟ್ ಎಂದರೇನು, ನಮೂನೆಗಳು ಎಲ್ಲಿ ಸಿಗುತ್ತವೆ ಎಂಬುದೆಲ್ಲ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿದೆ. ಅದನ್ನು ಇಲ್ಲಿ ನಕಲು ಮಾಡುವುದಿಲ್ಲ. ಈ ಸಲ ಹೆಚ್ಚಿನ ಜಾಗ ಒಂದೇ ಪ್ರಶ್ನೆಗೆ. ಅದನ್ನು ಕೇಳಿ ಕೇಳಿ ಸಾಕಾಗಿದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಹಾಯಕ ಪ್ರಾಧ್ಯಾಪಕಿ. ನಾವು ಎಂಟು ಮಂದಿ ಹಣ ಹಾಕಿ ಸಲಹೆಗಾರರೊಬ್ಬರ ಮೂಲಕ ಅರ್ಜಿ ಸಲ್ಲಿಸಿದೆವು. ಒಂದೇ ತಿಂಗಳಲ್ಲಿ ಅದು ಪೇಟೆಂಟ್ ಜರ್ನಲ್‌ನಲ್ಲಿ ಬಂದಿದೆ. ಬಯೋಡೇಟಾದಲ್ಲಿ ‘ಪೇಟೆಂಟ್ ಪಡೆದಿದ್ದೇನೆ’ ಎಂದು ಬರೆಯಬಹುದೇ? ಹತ್ತು ದಿನಗಳಲ್ಲಿ ಬ್ರಿಟನ್ನಿನ ಪೇಟೆಂಟನ್ನೂ ಕೊಡಿಸುತ್ತೇನೆ ಎನ್ನುತ್ತಾರೆ. ಒಪ್ಪಿಕೊಳ್ಳಲೇ?

ಉತ್ತರ: ಎರಡಕ್ಕೂ ಉತ್ತರ ‘ಬೇಡ’.

ನಿಮ್ಮ ಕೈಯಲ್ಲಿರುವುದು ಅರ್ಜಿ ಮಾತ್ರ. ಹಿಂಪಡೆದವು, ಗೋಪ್ಯವಾಗಿಡಬೇಕೆಂದು ಆದೇಶವಾದವು ಮುಂತಾದ ಕೆಲವನ್ನು ಬಿಟ್ಟರೆ ಸಂಪೂರ್ಣ ವಿವರಣೆ ಸಲ್ಲಿಸಿದ ಪ್ರತಿಯೊಂದು ಅರ್ಜಿಯೂ 18 ತಿಂಗಳು ಕಳೆದ ಮೇಲೆ ತಾನಾಗಿಯೇ ಜರ್ನಲ್‌ನಲ್ಲಿ ಅಚ್ಚಾಗುತ್ತದೆ. ಅಷ್ಟು ಕಾಯಲಾರದವರು ನಮೂನೆ 9 ತುಂಬಿ, ವ್ಯಕ್ತಿಗಳಾದರೆ 2,500 ರೂಪಾಯಿ ಕಟ್ಟಿದರೆ ಒಂದು ತಿಂಗಳಲ್ಲಿ ಅಚ್ಚು. ನಿಮ್ಮ ಸಲಹೆಗಾರರ ಪವಾಡ ಇಷ್ಟೇ. ನಿಮ್ಮ ಸಾಧನ ಹೊಸದೋ, ಎಲ್ಲರಿಗೂ ಗೊತ್ತಿರುವ ಹಳೆಯ ಸರಕೋ ಎಂದು ಆ ಹೊತ್ತಿಗೆ ಕಚೇರಿಯಲ್ಲಿ ಯಾರೂ ನೋಡಿಯೇ ಇರುವುದಿಲ್ಲ.

ನೋಡಬೇಕೆಂದರೆ ನೀವೇ ಕೇಳಬೇಕು. ಅದಕ್ಕೆ ನಮೂನೆ 18, ಅದಕ್ಕೆ ಬೇರೆ ಶುಲ್ಕ: ವ್ಯಕ್ತಿಗಳಿಗೆ 4,000 ರೂಪಾಯಿ. ಗಡುವು ಮೊದಲು 48 ತಿಂಗಳಿತ್ತು. 2024ರ ಮಾರ್ಚ್ 15ರಿಂದ ಈಚೆಗೆ ಸಲ್ಲಿಸಿದ ಅರ್ಜಿಗಳಿಗೆ 31 ತಿಂಗಳು. ಕೇಳದೆ ಬಿಟ್ಟರೆ ಅರ್ಜಿಯನ್ನು ಹಿಂಪಡೆದಂತೆಯೇ ಲೆಕ್ಕ. ಕೇಳಿದರೆ ಪರೀಕ್ಷಕರು ಜಗತ್ತಿನ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ, ಆಕ್ಷೇಪಗಳ ಪಟ್ಟಿ ಕಳುಹಿಸುತ್ತಾರೆ. ಆರು ತಿಂಗಳೊಳಗೆ ಉತ್ತರಿಸಬೇಕು. ಬಹುಪಾಲು ಜೊಳ್ಳು ಅರ್ಜಿಗಳು ಉದುರುವುದು ಇಲ್ಲಿಯೇ. ಕೂಡಲೇ ಸಲಹೆಗಾರರನ್ನು ಕೇಳಿ: ನಮೂನೆ 18 ಸಲ್ಲಿಕೆಯಾಗಿದೆಯೇ? ಅವರ ಬಾಯಿಮಾತನ್ನು ನಂಬಬೇಡಿ. ಅರ್ಜಿ ಸಂಖ್ಯೆ ಹಾಕಿದರೆ ಕಚೇರಿಯ ಜಾಲತಾಣವೇ ಹೇಳುತ್ತದೆ. ಇಂಥವರು ನಮೂನೆ 9ಕ್ಕೆ ತೋರುವ ಆತುರವನ್ನು 18ಕ್ಕೆ ತೋರಿದ್ದನ್ನು ನಾನು ಕಂಡಿಲ್ಲ. ಅವರು ಪೇಟೆಂಟ್ ಏಜೆಂಟರ ನೋಂದಣಿ ಪಟ್ಟಿಯಲ್ಲಿ ಇದ್ದಾರೆಯೇ ಎಂಬುದನ್ನೂ ನೋಡಿ. ಪೇಟೆಂಟ್ ಏಜೆಂಟ್ ಎಂದು ಹೇಳಿಕೊಳ್ಳಲು ಪರೀಕ್ಷೆ ಪಾಸಾಗಿ ನೋಂದಾಯಿಸಿಕೊಳ್ಳಬೇಕು. ‘ಸಲಹೆಗಾರ’ ಎಂದು ಹೇಳಿಕೊಳ್ಳಲು ವಿಸಿಟಿಂಗ್ ಕಾರ್ಡ್ ಸಾಕು.

ಆತುರದ ಪ್ರಕಟಣೆಯಿಂದ ನಷ್ಟವೂ ಇದೆ. ಅಚ್ಚಾಗುವವರೆಗೆ ನಿಮ್ಮ ಗುಟ್ಟು ನಿಮ್ಮಲ್ಲೇ ಇರುತ್ತದೆ. ಅರ್ಜಿಯಲ್ಲಿ ಹುಳುಕು ಕಂಡರೆ 15 ತಿಂಗಳೊಳಗೆ ಹಿಂಪಡೆದು, ತಿದ್ದಿ, ಹೊಸದಾಗಿ ಸಲ್ಲಿಸಬಹುದು. ಅಚ್ಚಾದ ಮೇಲೆ ನಿಮ್ಮ ಮುಂದಿನ ಸುಧಾರಿತ ಅರ್ಜಿಗೆ ನಿಮ್ಮದೇ ಹಳೆಯ ಅರ್ಜಿ ಅಡ್ಡಗಾಲು. ಹಾಗಾಗಿ ಬಲವಾದ ಕಾರಣವಿಲ್ಲದೆ ನಾನು ನಮೂನೆ 9ಕ್ಕೆ ಸಹಿ ಹಾಕಿಸುವುದಿಲ್ಲ. ತ್ವರಿತ ಪರೀಕ್ಷೆ, ಅಂದರೆ ಸರದಿ ಕಾಯದೆ ಬೇಗ ನಡೆಯುವ ಪರಿಶೀಲನೆ, ಬೇಕಿದ್ದವರಿಗೆ ನಮೂನೆ 9 ಸರಿ. ನವೋದ್ಯಮಗಳಿಗೂ ಅರ್ಜಿದಾರರಲ್ಲಿ ಒಬ್ಬರಾದರೂ ಮಹಿಳೆ ಇರುವ ವ್ಯಕ್ತಿಗಳ ಅರ್ಜಿಗಳಿಗೂ ತ್ವರಿತ ಪರೀಕ್ಷೆಯ ಅವಕಾಶವಿದೆ; ನಿಮಗೆ ಅದನ್ನು ಯಾರೂ ಹೇಳಿದಂತಿಲ್ಲ.

ಇನ್ನು ಎಂಟು ಹೆಸರುಗಳ ವಿಷಯ. ಸಂಶೋಧಕರ ಕಲಂನಲ್ಲಿ ಇರಬೇಕಾದದ್ದು ತಲೆ ಓಡಿಸಿದವರ ಹೆಸರು, ದುಡ್ಡು ಹಾಕಿದವರದಲ್ಲ. ಸುಳ್ಳು ಹೆಸರು ಸೇರಿಸಿ ಪಡೆದ ಪೇಟೆಂಟನ್ನು ಮುಂದೆ ರದ್ದುಪಡಿಸಲು ಎದುರಾಳಿಗೆ ನೀವೇ ಅಸ್ತ್ರ ಕೊಟ್ಟಂತೆ. ಬೇರೆ ಒಪ್ಪಂದ ಇಲ್ಲದಿದ್ದರೆ ಸಹ ಮಾಲೀಕರೆಲ್ಲರಿಗೂ ಸಮಪಾಲು. ಒಬ್ಬರು ಒಪ್ಪದಿದ್ದರೂ ಉಳಿದವರು ಬೇರೆಯವರಿಗೆ ಅದನ್ನು ಬಳಸಲು ಲೈಸೆನ್ಸ್ ಕೊಡುವಂತಿಲ್ಲ. ಎಂಟು ಮಂದಿಯಲ್ಲಿ ಒಬ್ಬರು ಕೆಲಸ ಬಿಟ್ಟು ವಿದೇಶಕ್ಕೆ ಹೋದರೆ ಅವರ ಸಹಿಗಾಗಿ ಅಲೆಯಬೇಕಾದವರು ನೀವೇ.

ಬ್ರಿಟನ್ನಿನ ‘ಹತ್ತು ದಿನಗಳ ಪೇಟೆಂಟ್’ ಎಂದರೆ ಸಾಮಾನ್ಯವಾಗಿ ವಿನ್ಯಾಸ ನೋಂದಣಿ. ಅದು ವಸ್ತುವಿನ ಹೊರರೂಪಕ್ಕೆ ಮಾತ್ರ ಸಿಗುವ ರಕ್ಷಣೆ. ಹೊಸತನವಿದೆಯೇ ಎಂದು ಅಲ್ಲಿ ಪರೀಕ್ಷಿಸದೆಯೇ ನೋಂದಾಯಿಸುತ್ತಾರೆ. ಪ್ರಮಾಣಪತ್ರ ಅಸಲಿಯೇ, ಅದನ್ನು ಪೇಟೆಂಟ್ ಎಂದು ಮಾರುವವರು ನಕಲಿ. ಬಯೋಡೇಟಾದಲ್ಲಿ ‘ಪೇಟೆಂಟ್‌ಗೆ ಅರ್ಜಿ ಸಲ್ಲಿಸಲಾಗಿದೆ’ ಎಂದು ಬರೆದು ಅರ್ಜಿ ಸಂಖ್ಯೆ ಕೊಡಿ. ಸಂದರ್ಶಕರಲ್ಲಿ ವಿಷಯ ಬಲ್ಲವರು ಒಬ್ಬರಿದ್ದರೂ ‘ಪಡೆದಿದ್ದೇನೆ’ ಎಂಬ ಮಾತು ಒಂದೇ ನಿಮಿಷದಲ್ಲಿ ಬಯಲಾಗುತ್ತದೆ.

ಪ್ರಶ್ನೆ: ಯಂತ್ರವನ್ನು ಕಾಲೇಜು ಪ್ರದರ್ಶನದಲ್ಲಿಟ್ಟು ಯೂಟ್ಯೂಬ್‌ಗೂ ಹಾಕಿದ್ದೇನೆ. ಅರ್ಜಿಗೆ ಇನ್ನೂ ಒಂದು ವರ್ಷ ಕಾಲಾವಕಾಶ ಇದೆಯಂತೆ?

ಉತ್ತರ: ಅದು ಅಮೆರಿಕದ ನಿಯಮ. ನಮ್ಮಲ್ಲಿ 12 ತಿಂಗಳ ವಿನಾಯಿತಿ ಇರುವುದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಕ್ಕೆ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧಕ್ಕೆ, ಹೀಗೆ ಬೆರಳೆಣಿಕೆಯ ಸಂದರ್ಭಗಳಿಗೆ. ಯೂಟ್ಯೂಬ್ ಆ ಪಟ್ಟಿಯಲ್ಲಿಲ್ಲ. ವಿಡಿಯೊದಲ್ಲಿ ಒಳಗಿನ ಕೆಲಸ ಕಾಣುವಂತಿದ್ದರೆ ಅಷ್ಟನ್ನು ಕಳೆದುಕೊಂಡಿದ್ದೀರಿ. ಕಾಣದ ಭಾಗ ಏನಾದರೂ ಉಳಿದಿದ್ದರೆ ಅದನ್ನು ಹಿಡಿದು ಇಂದೇ ಏಜೆಂಟರ ಬಳಿ ಹೋಗಿ. ಉಳಿದವರು ಕೇಳಿಸಿಕೊಳ್ಳಿ: ವ್ಯಕ್ತಿಗಳು ಆನ್‌ಲೈನ್‌ನಲ್ಲಿ 1,600 ರೂಪಾಯಿಗೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಬಹುದು. ಸಂಪೂರ್ಣ ವಿವರಣೆಗೆ ಅಲ್ಲಿಂದ 12 ತಿಂಗಳ ಅವಕಾಶ. ಮೊದಲು ಅರ್ಜಿ, ಆಮೇಲೆ ಕ್ಯಾಮೆರಾ.

ಪ್ರಶ್ನೆ: ವಿವರಗಳನ್ನು ನನಗೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿಕೊಂಡು ಲಕೋಟೆ ಒಡೆಯದೆ ಇಟ್ಟಿದ್ದೇನೆ. ಸಾಕೇ?

ಉತ್ತರ: ಅಂಚೆ ಇಲಾಖೆಗೆ ಆದಾಯವಾಯಿತು. ಮೊದಲು ಅರ್ಜಿ ಹಾಕಿದವರಿಗೆ ಆದ್ಯತೆ.

ಪ್ರಶ್ನೆ: ‘ವಿಶ್ವ ಪೇಟೆಂಟ್’ ಎಷ್ಟು ದುಬಾರಿ?

ಉತ್ತರ: ಅಂಥದ್ದೊಂದು ಇಲ್ಲ. ಪಿಸಿಟಿ (ಪೇಟೆಂಟ್ ಸಹಕಾರ ಒಪ್ಪಂದ) ಅರ್ಜಿ ಎಂಬುದು ಹಲವು ದೇಶಗಳಿಗೆ ಹೋಗುವ ಮುನ್ನ ಹಾಕುವ ಒಂದೇ ಅರ್ಜಿ. ಪೇಟೆಂಟ್ ಕೊಡುವುದು ಆಯಾ ದೇಶ ಅಥವಾ ಪ್ರದೇಶದ ಕಚೇರಿಯೇ.

ಪ್ರಶ್ನೆ: ಅಜ್ಜಿ ಹೇಳಿಕೊಟ್ಟ ಕಷಾಯಕ್ಕೆ ಪೇಟೆಂಟ್ ಸಿಗುತ್ತದೆಯೇ?

ಉತ್ತರ: ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಕಾಯ್ದೆಯ ಮೂರನೇ ಸೆಕ್ಷನ್ ಪೇಟೆಂಟ್ ಕೊಡುವುದಿಲ್ಲ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ ಕೊಟ್ಟಿದ್ದ ಪೇಟೆಂಟ್ ನಮ್ಮ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಆಕ್ಷೇಪಿಸಿದ ಮೇಲೆ 1997ರಲ್ಲಿ ರದ್ದಾಯಿತು.

ಪ್ರಶ್ನೆ: ಅರ್ಜಿಯನ್ನು ಕನ್ನಡದಲ್ಲಿ ಬರೆಯಬಹುದೇ?

ಉತ್ತರ: ಇಲ್ಲ. ಹಿಂದಿ ಅಥವಾ ಇಂಗ್ಲಿಷ್ ಮಾತ್ರ. ನನಗೂ ಬೇಸರವಿದೆ.

ಪ್ರಶ್ನೆ: ಇಂಧನವೇ ಬೇಡದೆ ಸದಾ ಓಡುವ ಎಂಜಿನ್ ಮಾಡಿದ್ದೇನೆ. ಭೇಟಿಗೆ ಸಮಯ ಕೊಡುತ್ತೀರಾ?

ಉತ್ತರ: ಇಲ್ಲ.