ಕಂಟ್ರೋಲ್‌ಗೆ ಬಂದ್ಮೇಲೆ ಅಂತ ಕಾಯ್ಬೇಡ

ಅಣ್ಣ ಅಂತ ಕರೆದು ಬರೆದಿದ್ದೀಯ, ಅದಕ್ಕೆ ನಾನೂ ನೀನು ಅಂತಲೇ ಬರೀತೀನಿ. ಹೊರದೇಶಕ್ಕೆ ಬಂದು ಏಳು ತಿಂಗಳಾಯ್ತು, ಕೆಲಸ ಮುಗಿಸಿ ರೂಮಿಗೆ ಬಂದ್ರೆ ಮಾತಾಡ್ಸೋರಿಲ್ಲ, ದಿನಾ ಒಬ್ನೇ ಕೂತು ಕುಡೀತಿದ್ದೀನಿ, ಇಲ್ಲಿ ಕುಡಿತ ಬಿಡೋರ ಗುಂಪು ಇರುತ್ತಂತೆ, ಸ್ವಲ್ಪ ಕಂಟ್ರೋಲ್‌ಗೆ ಬಂದ್ಮೇಲೆ ಹೋಗೋಣ ಅಂತಿದ್ದೀನಿ, ಹೇಗಿರುತ್ತೆ ಅಂತ ಕೇಳಿದ್ದೀಯ. ಆ "ಕಂಟ್ರೋಲ್‌ಗೆ ಬಂದ್ಮೇಲೆ" ಅನ್ನೋದನ್ನ ಓದಿ ಎದೆ ಧಸಕ್ ಅಂತು ತಮ್ಮಾ, ನಾನು ಅದನ್ನೇ ಹೇಳ್ಕೊಂಡು ಎರಡು ವರ್ಷ ಕಳೆದೆ. ಈಗ ಬಿಟ್ಟು 9 ವರ್ಷ ಆಯ್ತು.

ಮೊದ್ಲು ಒಂದು ವಿಷಯ, ಇದನ್ನ ದಯವಿಟ್ಟು ಬಿಟ್ಟು ಮುಂದೆ ಓದ್ಬೇಡ. ದಿನಾ ಜಾಸ್ತಿ ಕುಡಿಯೋರು ದಿಢೀರ್ ಅಂತ ನಿಲ್ಲಿಸಿದ್ರೆ ಅಪಾಯ. ಮೆದುಳು ಅದಕ್ಕೆ ಒಗ್ಗಿ ಹೋಗಿರುತ್ತೆ, ಕುಡಿತ ನಿಂತ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ನಿದ್ದೆ ಇಲ್ಲ, ಕೆಲವರಿಗೆ 6ರಿಂದ 48 ಗಂಟೆ ಒಳಗೆ ಫಿಟ್ಸ್ ಬರುತ್ತೆ, ಎರಡು ಮೂರು ದಿನಕ್ಕೆ ಇಲ್ಲದ್ದೆಲ್ಲಾ ಕಾಣೋಕೆ ಶುರುವಾಗಿ ಪ್ರಾಣ ಹೋಗೋದೂ ಉಂಟು. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತೆ, ಒಂದು ಗುಟುಕು ಬಿದ್ಮೇಲೇ ನಿಲ್ಲುತ್ತೆ ಅಂದ್ರೆ ಮೊದ್ಲು ಡಾಕ್ಟರ್ ಹತ್ರ ಹೋಗು. ಎಷ್ಟು ಕುಡೀತೀಯ ಅನ್ನೋದನ್ನ ಕಮ್ಮಿ ಮಾಡಿ ಹೇಳ್ಬೇಡ, ಆ ಲೆಕ್ಕದ ಮೇಲೇ ಅವರು ಔಷಧಿ ಕೊಡೋದು.

ಇನ್ನು ಗುಂಪು. ಆಲ್ಕೊಹಾಲಿಕ್ಸ್ ಅನಾನಿಮಸ್, ಎಎ ಅಂತಾರಲ್ಲ, ಅದು ಹುಟ್ಟಿದ್ದೇ ಬೇರೆ ಊರಲ್ಲಿ ಒಂಟಿಯಾಗಿದ್ದ ಒಬ್ಬನಿಂದ. 1935ರಲ್ಲಿ ಬಿಲ್ ವಿಲ್ಸನ್ ಅನ್ನೋನು ಕೆಲಸದ ಮೇಲೆ ಅಮೆರಿಕದ ಆಕ್ರನ್ ಅನ್ನೋ ಊರಿಗೆ ಹೋಗಿದ್ದ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಹೋದ ಕೆಲಸ ಕೆಟ್ಟಿತ್ತು, ಹೋಟೆಲಲ್ಲಿ ಬಾರ್ ಕಡೆ ಕಾಲು ಎಳೀತಿತ್ತು. ಅವನು ಬಾರ್‌ಗೆ ಹೋಗದೆ ಫೋನ್ ಹಿಡಿದು, ಮಾತಾಡೋಕೆ ನನ್ನಂಥ ಇನ್ನೊಬ್ಬ ಕುಡುಕ ಸಿಗ್ತಾನಾ ಅಂತ ಹುಡುಕಿದ. ಸಿಕ್ಕಿದ್ದು ಬಾಬ್ ಸ್ಮಿತ್ ಅನ್ನೋ ಡಾಕ್ಟರು. ಆ ಡಾಕ್ಟರು ಆಗಿನ್ನೂ ಬಿಟ್ಟಿರಲಿಲ್ಲ, ಇವನು ಸಿಕ್ಕಿದ ಮೇಲೂ ಒಂದ್ಸಲ ಜೋರಾಗಿ ಕುಡಿದ, ಜೂನ್ 10ಕ್ಕೆ ಕೊನೇ ಸಲ. ಆ ದಿನವನ್ನೇ ಎಎ ಹುಟ್ಟಿದ ದಿನ ಅಂತ ಇವತ್ತಿಗೂ ಲೆಕ್ಕ ಹಾಕ್ತಾರೆ. ಅಂದ್ರೆ ಶುರು ಮಾಡಿದ ಇಬ್ಬರಲ್ಲೇ ಒಬ್ಬರು ಕಂಟ್ರೋಲ್‌ಗೆ ಬಂದ್ಮೇಲೆ ಸೇರಿದ್ದಲ್ಲ. ಬಿಡಬೇಕು ಅನ್ನೋ ಆಸೆ ಒಂದಿದ್ರೆ ಸಾಕು, ಬೇರೆ ಷರತ್ತೇ ಇಲ್ಲ, ಫೀಸೂ ಇಲ್ಲ. ಒಂದು ಬುಟ್ಟಿ ಕೈಯಿಂದ ಕೈಗೆ ಬರುತ್ತೆ, ಇಷ್ಟ ಇದ್ದೋರು ದುಡ್ಡು ಹಾಕ್ತಾರೆ, ಹೊಸಬ ನೀನು ಹಾಗೇ ಪಕ್ಕದವರಿಗೆ ದಾಟಿಸು.

ಹುಡುಕೋದು ಕಷ್ಟ ಇಲ್ಲ, ನೀನಿರೋ ದೇಶದ ಎಎ ವೆಬ್‌ಸೈಟಲ್ಲಿ ಊರು ಹಾಕಿದ್ರೆ ಯಾವ ದಿನ ಎಲ್ಲಿ ಎಷ್ಟೊತ್ತಿಗೆ ಅಂತ ಬರುತ್ತೆ, ಆನ್‌ಲೈನ್ ಮೀಟಿಂಗೂ ಇದ್ದಾವೆ. ಓಪನ್ ಅಂತಿದ್ರೆ ಯಾರು ಬೇಕಾದ್ರೂ ಬರಬಹುದು, ಕ್ಲೋಸ್ಡ್ ಅಂದ್ರೆ ಕುಡಿತ ಬಿಡಬೇಕು ಅನ್ನೋರಿಗೆ ಮಾತ್ರ, ಎರಡಕ್ಕೂ ನೀನು ಹೋಗಬಹುದು.

ನಾನು ಎರಡು ಸಲ ಬಾಗಿಲವರೆಗೂ ಹೋಗಿ ವಾಪಸ್ ಬಂದೆ. ಮೂರನೇ ಸಲ ಒಬ್ಬ ವಯಸ್ಸಾದೋರು ಒಳಗೆ ಮಡಚೋ ಕುರ್ಚಿ ಬಿಡಿಸಿ ಹಾಕ್ತಿದ್ರು, ನನ್ನ ಹೆಸರೂ ಕೇಳಲಿಲ್ಲ, ನಾಲ್ಕು ಕುರ್ಚಿ ಕೈಗೆ ಕೊಟ್ಟು ಆ ಕಡೆ ಹಾಕ್ತೀಯಾ ಅಂದ್ರು. ಅವತ್ತು ಮಧ್ಯಾಹ್ನ ಕುಡಿದಿದ್ದೆ, ವಾಸನೆ ಅವರಿಗೆ ಬಂದೇ ಇರುತ್ತೆ. ಕುರ್ಚಿ ಹಾಕಿದ್ಮೇಲೆ ಎದ್ದು ಹೋಗೋಕೆ ಮನಸ್ಸಾಗಲಿಲ್ಲ, ಬಾಗಿಲ ಪಕ್ಕ ಕೂತೆ. ಒಬ್ಬೊಬ್ಬರೇ ಹೆಸರು ಹೇಳಿ ತಮ್ಮ ಕಥೆ ಹೇಳ್ತಾರೆ, ಮಧ್ಯೆ ಯಾರೂ ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ. ನನ್ನ ಸರದಿ ಬಂದಾಗ ಪಾಸ್ ಅಂದೆ, ಅಷ್ಟೇ, ಮುಂದಿನವರು ಶುರು ಮಾಡಿದ್ರು. ಕುಡಿದು ಬಂದಿದ್ರೆ ಅವತ್ತು ಬರೀ ಕೇಳು ಅಂತಾರೆ, ಸಾಮಾನ್ಯವಾಗಿ ಹೊರಗೆ ಹಾಕಲ್ಲ. ಅವತ್ತು ಕೇಳಿದ್ದೇನು ಅಂತ ನಿಂಗೆ ಹೇಳಲ್ಲ, ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು. ನಮ್ಮ ಕಡೆಯವರಿಗೆ ಗೊತ್ತಾದ್ರೆ ಅಂತ ಹೆದರಿದ್ದೀಯಲ್ಲ, ನಿನ್ನ ಮಾತನ್ನೂ ಅವರು ಹಂಗೇ ಕಾಪಾಡ್ತಾರೆ.

ಇಂಗ್ಲಿಷ್ ಬರಲ್ಲ ಅಂದಿದ್ದೀಯ. ನಾನು ಆರನೇ ಮೀಟಿಂಗಲ್ಲಿ ಮೊದಲ ಸಲ ಬಾಯಿ ಬಿಟ್ಟಾಗ ಎರಡು ವಾಕ್ಯ ಇಂಗ್ಲಿಷಲ್ಲಿ ಬಂತು, ಮೂರನೇದು ಅಮ್ಮನ ವಿಷಯ, ಅದು ಕನ್ನಡದಲ್ಲೇ ಬಂದ್ಬಿಡ್ತು, ಅಳು ಬಂತು. ಒಂದು ಪದ ಅರ್ಥ ಆಗದೇ ಇದ್ರೂ ಎಲ್ಲರೂ ಕೊನೇವರೆಗೂ ಕೇಳಿದ್ರು.

ದೇವರ ಮಾತು ಬರುತ್ತೆ, ಎಎಯವರ 12 ಸ್ಟೆಪ್ಸ್, ಅಂದ್ರೆ ಕುಡಿತ ಬಿಡೋಕೆ ಅವರು ಪಾಲಿಸೋ 12 ಹೆಜ್ಜೆಗಳಲ್ಲೇ ಇದೆ, ಆದ್ರೆ ನಿಂಗೆ ತಿಳಿದ ರೀತೀಲಿ ತಗೋ ಅಂತಾರೆ. ಅದೂ ಆಗಲ್ಲ ಅಂದ್ರೆ ಸ್ಮಾರ್ಟ್ ರಿಕವರಿ ಅಂತ ಇನ್ನೊಂದು ಥರದ ಗುಂಪು ಇದೆ, 1994ರಲ್ಲಿ ಶುರುವಾಗಿದ್ದು, ದೇವರ ವಿಷಯ ಇಲ್ಲ, ಆಸೆ ಎದ್ದಾಗ ತಲೇಲಿ ಏನು ನಡೆಯುತ್ತೆ ಅನ್ನೋದನ್ನ ಹಿಡಿಯೋಕೆ ಕಲಿಸ್ತಾರೆ. ಎರಡನ್ನೂ ನೋಡು. ಒಂದು ಗುಂಪು ಹಿಡಿಸ್ಲಿಲ್ಲ ಅಂತ ಎಲ್ಲಾ ಹಿಂಗೇ ಅಂತ ಬಿಡ್ಬೇಡ, ಒಂದೊಂದು ಗುಂಪು ಒಂದೊಂದು ಥರ, ನನಗೆ ಮೂರನೇದು ಒಗ್ಗಿತು.

ಹೋಗೋಕೆ ಶುರು ಮಾಡಿ 40 ದಿನಕ್ಕೆ ನಾನು ಮತ್ತೆ ಕುಡಿದೆ. ಮಾರನೇ ದಿನ ನಾಚಿಕೆ ಬಿಟ್ಟು ಸ್ಪಾನ್ಸರ್‌ಗೆ ಫೋನ್ ಮಾಡಿದೆ, ಸ್ಪಾನ್ಸರ್ ಅಂದ್ರೆ ಬಿಟ್ಟು ಒಂದಷ್ಟು ವರ್ಷ ಆಗಿರೋ, ನಮ್ಮ ಜೊತೆ ನಿಲ್ಲೋ ಒಬ್ಬರು, ನನಗೆ ಆ ಕುರ್ಚಿ ಹಾಕ್ತಿದ್ದೋರೇ. ಬೈತಾರೆ ಅಂದ್ಕೊಂಡಿದ್ದೆ. ಸಂಜೆ ಎಷ್ಟೊತ್ತಿಗೆ ಬರ್ತೀಯ, ಕುರ್ಚಿ ಹಾಕೋಕೆ ಒಬ್ನೇ ಇದ್ದೀನಿ ಅಂದ್ರು.

ಈ ವಾರದಲ್ಲಿ ಒಂದು ಮೀಟಿಂಗ್ ನೋಡಿಟ್ಕೊಂಡು ದಿನ, ಟೈಮ್ ನಂಗೆ ಮೆಸೇಜ್ ಹಾಕು. ಒಳಗೆ ಹೋಗೋಕೆ ಕಾಲು ಬರಲ್ಲ ಅಂದ್ರೆ ಬಾಗಿಲಲ್ಲೇ ನಿಂತು ಫೋನ್ ಮಾಡು, ಶುರುವಾಗೋವರೆಗೂ ಲೈನಲ್ಲಿ ಇರ್ತೀನಿ.